ಕೆಟ್ಟ ಗಳಿಗೆಯ ಸ್ವಿಚ್ಚು

ಡೇಟಾ ಸೆಂಟರ್‌ನ ಫೋಟೊಗಳನ್ನು ಸಾಮಾನ್ಯವಾಗಿ ಮುಂಭಾಗದಿಂದಲೇ ತೆಗೆಯುತ್ತಾರೆ. ಕಪ್ಪು ಕಪಾಟುಗಳ ಸಾಲು, ಮಿನುಗುವ ಹಸಿರು ದೀಪಗಳು, ಹೊಳೆಯುವ ನೆಲ. ಅದೇ ಕಪಾಟಿನ ಹಿಂಬಾಗಿಲು ತೆರೆದರೆ ಬೇರೆಯೇ ಲೋಕ. ಸರ್ವರ್‌ಗಳು ಹೊರಹಾಕಿದ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಫ್ಯಾನುಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಪ್ರತಿ ಸರ್ವರ್‌ನ ಬೆನ್ನಿನಿಂದಲೂ ಎರಡೆರಡು ಕರಿ ಕೇಬಲ್‌ಗಳು ಹೊರಟು ಕಪಾಟಿನ ಎಡಬಲ ಮೂಲೆಗಳಲ್ಲಿ ನೆಟ್ಟಗೆ ನಿಲ್ಲಿಸಿದ ಎರಡು ಉದ್ದನೆಯ ಲೋಹದ ಪಟ್ಟಿಗಳಿಗೆ ಹೋಗಿ ಸೇರುತ್ತವೆ. ಮೈತುಂಬ ಸಾಕೆಟ್‌ಗಳಿರುವ ಈ ಪಟ್ಟಿಗೆ ಅಲ್ಲಿನವರು ಪಿಡಿಯು ಎನ್ನುತ್ತಾರೆ, ಅಂದರೆ ಪವರ್ ಡಿಸ್ಟ್ರಿಬ್ಯೂಷನ್ ಯೂನಿಟ್. ಮನೆಯ ಎಕ್ಸ್‌ಟೆನ್ಷನ್ ಬೋರ್ಡಿನ ವಂಶದ್ದೇ, ಆದರೆ ಬಹಳ ದೂರ ಬೆಳೆದು ಬಂದಿದೆ.

ಇವುಗಳಲ್ಲಿ ಹಲವು ದರ್ಜೆಗಳಿವೆ. ಬರೀ ಕರೆಂಟು ಹಂಚುವುದು ಮೊದಲನೆಯದು. ಒಟ್ಟು ಎಷ್ಟು ಕರೆಂಟು ಹರಿಯುತ್ತಿದೆ ಎಂದು ಅಳೆದು ತೋರಿಸುವುದು ಎರಡನೆಯದು. ಪ್ರತಿ ಸಾಕೆಟ್ಟಿನ ಲೆಕ್ಕವನ್ನೂ ಬೇರೆಬೇರೆಯಾಗಿ ಕೊಡುವುದು ಮೂರನೆಯದು. ನೆಟ್‌ವರ್ಕ್‌ ಮೂಲಕ ಎಲ್ಲೋ ಕುಳಿತವರ ಆಜ್ಞೆ ಪಡೆದು ಒಂದೊಂದೇ ಸಾಕೆಟ್ಟನ್ನು ಆಫ್ ಮಾಡಿ ಆನ್ ಮಾಡುವುದು ನಾಲ್ಕನೆಯದು. ಇದನ್ನು ಸ್ವಿಚ್ಡ್ ಪಿಡಿಯು ಎನ್ನುತ್ತಾರೆ. ಅಳತೆ ಮತ್ತು ಸ್ವಿಚ್ಚು ಎರಡೂ ಪ್ರತಿ ಸಾಕೆಟ್‌ನಲ್ಲಿ ಇರುವುದು ಐದನೆಯದು, ಬೆಲೆಯಲ್ಲೂ ಮೇಲಿನದು.

ಸ್ವಿಚ್ಡ್ ಪಿಡಿಯು ಕೊಳ್ಳಲು ಹೊರಟವರ ಮುಂದೆ ಹತ್ತಾರು ಪುಟಗಳ ಕ್ಯಾಟಲಾಗ್ ಬಂದು ಬೀಳುತ್ತದೆ. ಅದರಲ್ಲಿರುವುದು ಹೆಚ್ಚಿನಂಶ ಆ ಪಟ್ಟಿ ದಿನನಿತ್ಯ ಏನು ಮಾಡುತ್ತದೆ ಎನ್ನುವ ವಿವರ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ. ಈ ಪಟ್ಟಿ ವರ್ಷದ ಬಹುಪಾಲು ದಿನ ಸುಮ್ಮನೆ ಕರೆಂಟು ಹಾಯಿಸಿಕೊಂಡು ನಿಂತಿರುತ್ತದೆ. ಅದರ ಯೋಗ್ಯತೆ ತೀರ್ಮಾನವಾಗುವುದು ಏನೋ ಕೆಟ್ಟಿರುವ ಕೆಲವೇ ನಿಮಿಷಗಳಲ್ಲಿ: ಒಂದು ಫೀಡ್, ಅಂದರೆ ಪಟ್ಟಿಗೆ ಬರುವ ಪೂರೈಕೆ, ಹೋದಾಗ, ನೆಟ್‌ವರ್ಕ್ ಬಿದ್ದಾಗ, ಸರ್ವರ್ ಮಾತು ನಿಲ್ಲಿಸಿದಾಗ, ಪಟ್ಟಿಯ ಸ್ವಂತ ಮಿದುಳೇ ಕೈಕೊಟ್ಟಾಗ. ಆರಿಸಿಕೊಳ್ಳುವವರು ಆ ಗಳಿಗೆಯನ್ನು ಕಣ್ಣಮುಂದೆ ಇಟ್ಟುಕೊಂಡು ಆರಿಸಿಕೊಳ್ಳಬೇಕು.

ಕರೆಂಟು ತೆಗೆದರೆ ಯಂತ್ರ ಏಕೆ ಸರಿಹೋಗುತ್ತದೆ?

ಕಂಪ್ಯೂಟರ್ ಎಂದರೆ ಸ್ಥಿತಿಗಳ ರಾಶಿ. ಮೆಮೊರಿಯ ಕೋಟ್ಯಂತರ ಬಿಟ್‌ಗಳು, ಪ್ರೊಸೆಸರ್‌ನ ರಿಜಿಸ್ಟರ್‌ಗಳು, ಡಿಸ್ಕ್ ಮತ್ತು ನೆಟ್‌ವರ್ಕ್ ಕಾರ್ಡುಗಳ ಒಳಗಿನ ಪುಟ್ಟ ನಿಯಂತ್ರಕಗಳು, ಇವೆಲ್ಲ ಪ್ರತಿ ಕ್ಷಣವೂ ಯಾವುದಾದರೊಂದು ಸ್ಥಿತಿಯಲ್ಲಿರುತ್ತವೆ. ಪ್ರೋಗ್ರಾಂ ಬರೆದವರು ಊಹಿಸಿರದ ಸ್ಥಿತಿಗೆ ಯಂತ್ರ ಜಾರಿದರೆ ಅಲ್ಲಿಂದ ಹೊರಬರುವ ದಾರಿಯನ್ನೂ ಅವರು ಬರೆದಿರುವುದಿಲ್ಲ. ಕರೆಂಟು ತೆಗೆದರೆ ಈ ಸ್ಥಿತಿಗಳೆಲ್ಲ ಅಳಿಸಿಹೋಗುತ್ತವೆ. ಮತ್ತೆ ಕೊಟ್ಟಾಗ ಯಂತ್ರ ತನಗೆ ಚೆನ್ನಾಗಿ ಗೊತ್ತಿರುವ ಒಂದೇ ಒಂದು ಜಾಗದಿಂದ, ಅಂದರೆ ಮೊದಲಿನಿಂದ, ಶುರುಮಾಡುತ್ತದೆ.

ಇನ್ನೂ ಆಳದಲ್ಲಿ ಮತ್ತೊಂದು ಕಾರಣವಿದೆ. ಇಂದಿನ ಚಿಪ್‌ಗಳು ಬಹುತೇಕ ಸಿಮಾಸ್ ತಂತ್ರಜ್ಞಾನದವು. ಅವುಗಳಲ್ಲಿ ಪಿ ಮತ್ತು ಎನ್ ಬಗೆಯ ಸಿಲಿಕಾನ್ ಪದರಗಳು ಅಕ್ಕಪಕ್ಕ ಕೂತಿರುವುದರಿಂದ ವಿನ್ಯಾಸಕಾರರು ಬೇಡವೆಂದರೂ ಅಲ್ಲೊಂದು ಥೈರಿಸ್ಟರ್ ತಾನಾಗಿ ಹುಟ್ಟಿಕೊಂಡಿರುತ್ತದೆ. ಸ್ಥಿರವಿದ್ಯುತ್ತಿನ ಕಿಡಿಯೋ ವೋಲ್ಟೇಜಿನ ಜಿಗಿತವೋ ಕಾಸ್ಮಿಕ್ ಕಿರಣಗಳಿಂದ ಸಿಡಿದ ಕಣವೋ ಅದನ್ನು ಎಬ್ಬಿಸಿಬಿಡಬಹುದು. ಥೈರಿಸ್ಟರ್‌ ಒಮ್ಮೆ ವಿದ್ಯುತ್ ವಹಿಸತೊಡಗಿದರೆ ಹರಿವು ನಿಲ್ಲುವ ತನಕ ಬಿಡುವುದಿಲ್ಲ. ಲ್ಯಾಚ್-ಅಪ್ ಎಂದು ಕರೆಯುವ ಈ ಸ್ಥಿತಿಗೆ ಯಾವ ಸಾಫ್ಟ್‌ವೇರ್ ಆಜ್ಞೆಯೂ ಮದ್ದಲ್ಲ. ಕರೆಂಟು ತೆಗೆಯುವುದೊಂದೇ ಮದ್ದು.

ಈಗಿನ ಸರ್ವರ್‌ಗಳ ಒಳಗೆ ಬಿಎಂಸಿ ಎಂಬ ಕಾವಲು ಕಂಪ್ಯೂಟರ್ ಇರುತ್ತದೆ. ದೂರದಿಂದಲೇ ಸರ್ವರ್ ರೀಸ್ಟಾರ್ಟ್ ಮಾಡುವುದಕ್ಕೆ ಅದೇ ಸಾಕಲ್ಲ ಎನ್ನುವವರಿದ್ದಾರೆ. ಬಹಳ ಸಲ ಸಾಕು. ಆದರೆ ಬಿಎಂಸಿಯೂ ಕಂಪ್ಯೂಟರೇ, ಅದೂ ಹ್ಯಾಂಗ್ ಆಗುತ್ತದೆ. ಸರ್ವರ್ ಆಫ್ ಆಗಿದ್ದರೂ ಬಿಎಂಸಿಗೆ ಸ್ಟ್ಯಾಂಡ್‌ಬೈ ಕರೆಂಟು ಹರಿಯುತ್ತಲೇ ಇರುತ್ತದೆ. ಆದ್ದರಿಂದ ಅದನ್ನು ನಿಜವಾಗಿ ಆರಿಸಬೇಕಾದರೆ ಗೋಡೆಯ ಕಡೆಯಿಂದಲೇ ಪೂರೈಕೆ ಕಡಿಯಬೇಕು. ಚಿಕ್ಕ ನೆಟ್‌ವರ್ಕ್ ಸ್ವಿಚ್ಚು, ಮೋಡೆಮ್ಮು, ಹಳೆಯ ಸ್ಟೋರೇಜ್ ಪೆಟ್ಟಿಗೆ ಇವಕ್ಕಂತೂ ಎಷ್ಟೋ ಸಲ ಬಿಎಂಸಿಯೇ ಇರುವುದಿಲ್ಲ.

ಆಫ್ ಮಾಡಿ ಎಷ್ಟು ಹೊತ್ತು ಬಿಡಬೇಕು ಎನ್ನುವುದೂ ಮುಖ್ಯ. ಪವರ್ ಸಪ್ಲೈ ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ತು ಖಾಲಿಯಾಗುವ ಮೊದಲೇ ಆನ್ ಮಾಡಿದರೆ ಸ್ಟ್ಯಾಂಡ್‌ಬೈ ಭಾಗ ಎಚ್ಚರವಾಗಿಯೇ ಉಳಿದು, ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಹತ್ತು ಹದಿನೈದು ಸೆಕೆಂಡು ಬಿಡುವುದು ವಾಡಿಕೆ. ಪ್ರತಿ ಸಾಕೆಟ್‌ಗೂ ಈ ಅಂತರವನ್ನು ಬೇರೆಯಾಗಿ ಹೊಂದಿಸಲು ಬರುತ್ತದೆಯೇ ಎಂದು ಕೊಳ್ಳುವಾಗ ನೋಡಬೇಕು.

ಅರ್ಧ ತುಂಬಿದ್ದೂ ಪೂರ್ತಿ ತುಂಬಿದ ಲೆಕ್ಕವೇ

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಪೂರೈಕೆ 230 ವೋಲ್ಟು, 50 ಹರ್ಟ್ಸ್. ರ‍್ಯಾಕ್‌ಗಳಲ್ಲಿ ಅಂದರೆ ಆ ಕಪಾಟುಗಳಲ್ಲಿ ಸಾಮಾನ್ಯವಾಗಿ ಕಾಣುವ 32 ಆಂಪಿನ ಸಿಂಗಲ್ ಫೇಸ್ ಪಿಡಿಯು ಹೊರಬಲ್ಲದ್ದು 230 ಗುಣಿಸು 32, ಅಂದರೆ 7,360 ವೋಲ್ಟ್-ಆಂಪಿಯರ್. ತ್ರೀ ಫೇಸ್ ಆದರೆ 400 ವೋಲ್ಟಿನಲ್ಲಿ 32 ಆಂಪಿಗೆ ಸುಮಾರು 22 ಸಾವಿರ. ಸರ್ವರ್‌ಗೆ ಹೋಗುವ ಮಾಮೂಲು ಸಾಕೆಟ್ ಸಿ13, ಅದಕ್ಕೆ ಅಂತರರಾಷ್ಟ್ರೀಯ ಮಾನಕದ ಮಿತಿ 10 ಆಂಪ್. ದೊಡ್ಡ ಯಂತ್ರಗಳಿಗೆ ಬೇಕಾದ ಸಿ19ಕ್ಕೆ 16 ಆಂಪ್.

ಒಂದು ರ‍್ಯಾಕ್‌ನಲ್ಲಿ 20 ಸರ್ವರ್‌ಗಳಿವೆ, ಪೂರ್ತಿ ಕೆಲಸದಲ್ಲಿರುವಾಗ ಒಂದೊಂದೂ 350 ವ್ಯಾಟ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ಒಟ್ಟು 7,000 ವ್ಯಾಟ್. ಪ್ರತಿ ಸರ್ವರ್‌ಗೂ ಎರಡು ಪವರ್ ಸಪ್ಲೈ: ಒಂದು ಎಡಗಡೆಯ ‘ಎ’ ಪಟ್ಟಿಗೆ, ಇನ್ನೊಂದು ಬಲಗಡೆಯ ‘ಬಿ’ ಪಟ್ಟಿಗೆ. ಎರಡೂ ಹೊರೆಯನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಹಾಗಾಗಿ ಎರಡೂ ಪಟ್ಟಿಗಳ ಮೀಟರಿನಲ್ಲಿ ಸುಮಾರು 16 ಆಂಪ್ ಕಾಣಿಸುತ್ತದೆ. ಮಿತಿ 32, ಬಳಕೆ 16. ನೋಡಿದವರಿಗೆ ನೆಮ್ಮದಿ. ಇನ್ನೂ ನಾಲ್ಕು ಸರ್ವರ್ ಸೇರಿಸಬಹುದು ಎಂಬ ಆಸೆಯೂ ಹುಟ್ಟುತ್ತದೆ.

ಈಗ ‘ಎ’ ಫೀಡ್ ಹೋಯಿತು. ಇಪ್ಪತ್ತು ಸರ್ವರ್‌ಗಳ ಇಡೀ ಹೊರೆ ಆ ಕ್ಷಣದಲ್ಲೇ ‘ಬಿ’ ಮೇಲೆ ಬಂದು ಕೂರುತ್ತದೆ. 7,000 ವ್ಯಾಟ್ ಎಂಬುದು ನಿಜವಾಗಿ ಖರ್ಚಾಗುವ ಶಕ್ತಿ. ಕೇಬಲ್ಲು ಮತ್ತು ಬ್ರೇಕರ್ ಹೊರಬೇಕಾದದ್ದು ಅದಕ್ಕಿಂತ ಸ್ವಲ್ಪ ಹೆಚ್ಚು, ಏಕೆಂದರೆ ಕರೆಂಟಿನ ಅಲೆ ವೋಲ್ಟೇಜಿನ ಅಲೆಯ ಜೊತೆ ಪೂರ್ತಿ ಹೆಜ್ಜೆಗೂಡಿ ನಡೆಯುವುದಿಲ್ಲ. ಈ ಹೊಂದಾಣಿಕೆಯ ಅಳತೆಯೇ ಪವರ್ ಫ್ಯಾಕ್ಟರ್. ಅದು 0.95 ಇದ್ದರೆ 7,000 ವ್ಯಾಟಿಗೆ ಬೇಕಾಗುವುದು 7,368 ವೋಲ್ಟ್-ಆಂಪಿಯರ್. ಪಟ್ಟಿಯ ಮಿತಿ 7,360. ನೆಮ್ಮದಿಯ ರ‍್ಯಾಕ್ ಒಂದೇ ಏಟಿಗೆ ಮಿತಿ ದಾಟಿತು. ಬ್ರೇಕರ್ ಇವತ್ತೇ ಬೀಳದೆ ಇರಬಹುದು, ಆದರೆ ಅದು ಬೀಳುವುದಕ್ಕೆ ಇನ್ನೇನೂ ಅಡ್ಡಿಯಿಲ್ಲ. ಬಿದ್ದರೆ ಎರಡನೇ ಫೀಡೂ ಹೋಗಿ, ಎರಡು ಫೀಡ್ ಇಟ್ಟುಕೊಂಡ ಉದ್ದೇಶವೇ ಕೈಬಿಟ್ಟುಹೋಗುತ್ತದೆ.

ಅದಕ್ಕೇ ಈ ಕೆಲಸದಲ್ಲಿ ಪಳಗಿದವರು ಶೇ. 40ರ ನಿಯಮ ಹೇಳುತ್ತಾರೆ. ಎರಡು ಪಟ್ಟಿಗಳ ರ‍್ಯಾಕ್‌ನಲ್ಲಿ ಯಾವುದೇ ಪಟ್ಟಿ ಮಾಮೂಲು ದಿನಗಳಲ್ಲಿ ಮಿತಿಯ ಶೇ. 40 ದಾಟಬಾರದು. ಆಗ ಒಂದು ಹೋದರೂ ಇನ್ನೊಂದು ಶೇ. 80ರಲ್ಲಿ ನಿಲ್ಲುತ್ತದೆ. 32 ಆಂಪಿನ ಪಟ್ಟಿಗೆ ಇದು 12.8 ಆಂಪ್. ಒಳ್ಳೆಯ ಪಿಡಿಯುನಲ್ಲಿ ಈ ಗಡಿಯನ್ನು ಮೊದಲೇ ಬರೆದಿಟ್ಟರೆ ದಾಟಿದ ಕೂಡಲೇ ಎಚ್ಚರಿಕೆ ಕಳಿಸುತ್ತದೆ. ಆ ಒಂದು ಎಚ್ಚರಿಕೆ ಇಡೀ ಮೀಟರಿನ ಬೆಲೆಗೆ ಸಮ.

32 ಆಂಪಿನ ಪಟ್ಟಿಯೊಳಗೆ ಸಾಮಾನ್ಯವಾಗಿ 16 ಆಂಪಿನ ಎರಡು ಬ್ರೇಕರ್‌ಗಳಿರುತ್ತವೆ, ಸಾಕೆಟ್‌ಗಳು ಅವುಗಳ ನಡುವೆ ಹಂಚಿಹೋಗಿರುತ್ತವೆ. ಒಟ್ಟು ಲೆಕ್ಕ ಸರಿಯಿದ್ದರೂ ಒಂದೇ ಬ್ರೇಕರ್ ಕೆಳಗೆ ಹೆಚ್ಚು ಸರ್ವರ್ ಚುಚ್ಚಿದರೆ ಅದು ಬೀಳುತ್ತದೆ. ಹಾಗಾಗಿ ಒಟ್ಟು ಕರೆಂಟಿನ ಜೊತೆಗೆ ಪ್ರತಿ ಬ್ರೇಕರ್‌ನ ಕರೆಂಟನ್ನೂ ತೋರಿಸುವ ಪಟ್ಟಿ ಬೇಕು.

ರಿಲೇಯ ಒಳಗೆ

ಸ್ವಿಚ್ಡ್ ಪಿಡಿಯುನ ಪ್ರತಿ ಸಾಕೆಟ್ಟಿನ ಹಿಂದೆಯೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ರಿಲೇ ಕೂತಿರುತ್ತದೆ. ಒಂದು ತಂತಿಸುರುಳಿ, ಒಂದು ಲೋಹದ ನಾಲಿಗೆ, ಎರಡು ಸಂಪರ್ಕ ಬಿಂದುಗಳು. ಸುರುಳಿಯಲ್ಲಿ ಕರೆಂಟು ಹರಿದರೆ ಅದು ಅಯಸ್ಕಾಂತವಾಗಿ ನಾಲಿಗೆಯನ್ನು ಎಳೆಯುತ್ತದೆ, ಬಿಂದುಗಳು ಕೂಡುತ್ತವೆ ಅಥವಾ ಬಿಡುತ್ತವೆ.

ಈ ಪುಟ್ಟ ಚಲನೆಯಲ್ಲಿ ಏನೇನಾಗುತ್ತದೆ ನೋಡಿ. ಬಿಂದುಗಳು ಬೇರಾಗುವಾಗ ನಡುವಿನ ಗಾಳಿ ಅಯಾನುಗಳಾಗಿ ಸಿಡಿದು ಕಿಡಿಯ ಸೇತುವೆ ಏಳುತ್ತದೆ. ಪರ್ಯಾಯ ವಿದ್ಯುತ್ತಿನ ಅಲೆ ಸೆಕೆಂಡಿಗೆ 100 ಸಲ ಸೊನ್ನೆಯನ್ನು ಹಾಯ್ದುಹೋಗುವುದರಿಂದ ಹೆಚ್ಚೆಂದರೆ 10 ಮಿಲಿಸೆಕೆಂಡಿನೊಳಗೆ ಆ ಕಿಡಿ ತಾನೇ ಆರುತ್ತದೆ. ಕೂಡುವಾಗಿನ ಅಪಾಯ ಬೇರೆ ಬಗೆಯದು. ನಾಲಿಗೆ ಬಡಿದ ರಭಸಕ್ಕೆ ಕ್ಷಣಕಾಲ ಪುಟಿಯುತ್ತದೆ. ಆ ಹೊತ್ತಿಗೆ ಭಾರಿ ಕರೆಂಟು ನುಗ್ಗಿದರೆ ಬಿಂದುಗಳ ಮೇಲ್ಮೈ ಕರಗಿ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಅಂಥ ರಿಲೇಗೆ ಆಮೇಲೆ ಎಷ್ಟು ಸಲ ಆಫ್ ಎಂದು ಹೇಳಿದರೂ ಸಾಕೆಟ್ಟಿನಲ್ಲಿ ಕರೆಂಟು ಇದ್ದೇ ಇರುತ್ತದೆ.

230 ವೋಲ್ಟ್ ಎನ್ನುವುದು ಒಂದು ಬಗೆಯ ಸರಾಸರಿ. ಅಲೆಯ ತುದಿ ಸುಮಾರು 325 ವೋಲ್ಟು. ತುದಿಯಲ್ಲಿರುವಾಗಲೇ ರಿಲೇ ಕೂಡಿದರೆ ಸರ್ವರ್‌ನ ಖಾಲಿ ಕೆಪಾಸಿಟರ್‌ಗೆ ಅಷ್ಟೂ ಒತ್ತಡ ಒಮ್ಮೆಲೇ ಬೀಳುತ್ತದೆ. ಸೊನ್ನೆಯ ಹತ್ತಿರ ಕೂಡಿದರೆ ಒತ್ತಡ ಮೆಲ್ಲಗೆ ಏರುತ್ತದೆ. ರಿಲೇಯ ನಾಲಿಗೆ ಚಲಿಸುವುದಕ್ಕೇ ಕೆಲವು ಮಿಲಿಸೆಕೆಂಡು ಹಿಡಿಯುವುದರಿಂದ ಒಳ್ಳೆಯ ಪಿಡಿಯುಗಳು ಆ ತಡವನ್ನು ಲೆಕ್ಕಹಾಕಿ, ಬಿಂದುಗಳು ಮುಟ್ಟುವ ಕ್ಷಣಕ್ಕೆ ಅಲೆ ಸೊನ್ನೆಯಲ್ಲಿರುವಂತೆ ಮೊದಲೇ ಆಜ್ಞೆ ಕೊಡುತ್ತವೆ. ಝೀರೋ ಕ್ರಾಸಿಂಗ್ ಸ್ವಿಚಿಂಗ್ ಎಂದು ವಿವರಪಟ್ಟಿಯಲ್ಲಿ ಒಂದೇ ಸಾಲಿನಲ್ಲಿರುವ ಈ ಗುಣ ರಿಲೇಯ ಆಯುಸ್ಸನ್ನು ಬಹಳ ಹೆಚ್ಚಿಸುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ರಿಲೇಯ ಜಾತಿಯದು. ಸಾದಾ ರಿಲೇ ತನ್ನ ಸುರುಳಿಗೆ ಕರೆಂಟು ಸಿಗುವವರೆಗೆ ಮಾತ್ರ ಆಜ್ಞೆಯಂತೆ ನಿಲ್ಲುತ್ತದೆ, ಕರೆಂಟು ನಿಂತೊಡನೆ ಸ್ಪ್ರಿಂಗ್ ನಾಲಿಗೆಯನ್ನು ಹಳೆಯ ಜಾಗಕ್ಕೆ ಎಳೆದೊಯ್ಯುತ್ತದೆ. ಲ್ಯಾಚಿಂಗ್ ರಿಲೇಗೆ ಸ್ಥಿತಿ ಬದಲಿಸಲು ಒಂದು ಮಿಡಿತ ಸಾಕು, ಆಮೇಲೆ ಕರೆಂಟಿಲ್ಲದೆಯೂ ಅಲ್ಲೇ ನಿಲ್ಲುತ್ತದೆ. ಈಗ ಪಿಡಿಯುನ ಮಿದುಳು, ಅಂದರೆ ಅದರ ನಿಯಂತ್ರಕ ಬೋರ್ಡು ಸುಟ್ಟಿತು ಎಂದುಕೊಳ್ಳಿ. ಆನ್ ಇಡುವುದಕ್ಕೆ ಸುರುಳಿಗೆ ಕರೆಂಟು ಬೇಕಾದ ವಿನ್ಯಾಸವಾದರೆ ಇಡೀ ಪಟ್ಟಿಯ ಸಾಕೆಟ್‌ಗಳೆಲ್ಲ ಒಟ್ಟಿಗೆ ಆರಿಹೋಗುತ್ತವೆ. ಲ್ಯಾಚಿಂಗ್ ಆದರೆ ಏನೂ ಆಗುವುದಿಲ್ಲ. ಸರ್ವರ್‌ಗಳು ನಡೆಯುತ್ತಲೇ ಇರುತ್ತವೆ, ಬೋರ್ಡನ್ನು ನಿಧಾನವಾಗಿ ಬದಲಿಸಬಹುದು. ಆಜ್ಞೆ ಕೊಡುವ ಭಾಗ ಸತ್ತರೂ ಕರೆಂಟು ಹರಿಯುವ ದಾರಿ ಬದುಕಿರಬೇಕು. ಆರಿಸಿಕೊಳ್ಳುವಾಗ ಇದನ್ನು ರಾಜಿಯಿಲ್ಲದ ಮೊದಲ ಷರತ್ತಾಗಿ ಇಟ್ಟುಕೊಳ್ಳಬೇಕು. ಕೆಲವು ಪಟ್ಟಿಗಳಲ್ಲಿ ಬೋರ್ಡನ್ನು ಲೋಡ್ ಇಳಿಸದೆಯೇ ಕಳಚಿ ಹೊಸದು ಹಾಕುವ ಅನುಕೂಲವೂ ಇದೆ.

ಕರೆಂಟು ಮರಳಿ ಬಂದಾಗ

ಕರೆಂಟು ಹೋಗುವುದಕ್ಕಿಂತ ಬರುವುದು ಎಷ್ಟೋ ಸಲ ಹೆಚ್ಚು ಅಪಾಯಕಾರಿ. ಬತ್ತಿದ ತೊಟ್ಟಿಗೆ ತೂಬು ತೆರೆದಾಗ ನೀರು ಮೊದಲು ಎಷ್ಟು ರಭಸದಿಂದ ನುಗ್ಗುತ್ತದೋ ಖಾಲಿ ಕೆಪಾಸಿಟರ್‌ಗೂ ಹಾಗೆಯೇ. ಮಾಮೂಲಾಗಿ ಒಂದೆರಡು ಆಂಪ್ ಎಳೆಯುವ ಪವರ್ ಸಪ್ಲೈ ಆನ್ ಆದ ಮೊದಲ ಕೆಲವು ಮಿಲಿಸೆಕೆಂಡು ಹತ್ತಾರು ಆಂಪ್ ಎಳೆದುಬಿಡುತ್ತದೆ. ಇದಕ್ಕೆ ಇನ್‌ರಶ್ ಕರೆಂಟ್ ಎನ್ನುತ್ತಾರೆ. ಸಿ ದರ್ಜೆಯ 16 ಆಂಪಿನ ಬ್ರೇಕರ್ ತನ್ನ ಮಿತಿಯ ಐದರಿಂದ ಹತ್ತು ಪಟ್ಟಿನಲ್ಲಿ, ಅಂದರೆ 80ರಿಂದ 160 ಆಂಪಿನ ನಡುವೆ ಎಲ್ಲೋ ಒಂದು ಕಡೆ ತಕ್ಷಣವೇ ಬೀಳುತ್ತದೆ. ಅದರ ಕೆಳಗೆ ಹತ್ತು ಸರ್ವರ್‌ಗಳಿದ್ದು ಒಂದೊಂದೂ ಅದೇ ಕ್ಷಣದಲ್ಲಿ 30 ಆಂಪ್ ಬೇಡಿದರೆ ಒಟ್ಟು ಬೇಡಿಕೆ 300 ಆಂಪ್. ತಂತಿಗಳ ಪ್ರತಿರೋಧ ಇದನ್ನು ಸ್ವಲ್ಪ ತಗ್ಗಿಸಿದರೂ ಬ್ರೇಕರ್ ನಿಲ್ಲುವ ಭರವಸೆಯಿಲ್ಲ. ಕರೆಂಟು ಬಂದ ಕ್ಷಣವೇ ರ‍್ಯಾಕ್ ಮತ್ತೆ ಕತ್ತಲಾಗುತ್ತದೆ.

ಇದರ ದೊಡ್ಡ ರೂಪವನ್ನು ಜಗತ್ತು 2017ರ ಮೇ 27ರಂದು ನೋಡಿತು. ಬ್ರಿಟಿಷ್ ಏರ್‌ವೇಸ್‌ನ ಡೇಟಾ ಸೆಂಟರ್‌ ಒಂದರಲ್ಲಿ ಪೂರೈಕೆ ತಪ್ಪಿ ಸುಮಾರು 75,000 ಪ್ರಯಾಣಿಕರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಮಾತೃಸಂಸ್ಥೆ ಐಎಜಿಯ ಮುಖ್ಯಸ್ಥರಾಗಿದ್ದ ವಿಲ್ಲಿ ವಾಲ್ಷ್ ಕೊಟ್ಟ ವಿವರಣೆಯಂತೆ, ಎಂಜಿನಿಯರ್ ಒಬ್ಬರು ಪೂರೈಕೆ ಕಡಿದದ್ದಕ್ಕಿಂತ ಅದನ್ನು ಮರಳಿ ಜೋಡಿಸಿದಾಗ ನುಗ್ಗಿದ ವಿದ್ಯುತ್ತಿನಿಂದಲೇ ಹೆಚ್ಚಿನ ಹಾನಿಯಾಯಿತು. ಅದು ಕಟ್ಟಡದ ಮಟ್ಟದ ಘಟನೆ. ಆದರೂ ಪೂರೈಕೆಯನ್ನು ಕ್ರಮವಿಲ್ಲದೆ ಮರಳಿಸಬಾರದು ಎನ್ನುವ ಪಾಠ ಒಂದೊಂದು ರ‍್ಯಾಕ್‌ಗೂ ಸಲ್ಲುತ್ತದೆ.

ಸ್ವಿಚ್ಡ್ ಪಿಡಿಯು ಇಲ್ಲಿ ತನ್ನ ಬೆಲೆಯನ್ನು ತೀರಿಸುತ್ತದೆ. ಸಾಕೆಟ್‌ಗಳನ್ನು ಒಂದಾದ ಮೇಲೊಂದರಂತೆ, ನಡುವೆ ಅಂತರ ಕೊಟ್ಟು ಆನ್ ಮಾಡುತ್ತದೆ. ಮೊದಲು ನೆಟ್‌ವರ್ಕ್ ಸ್ವಿಚ್ಚು, ಆಮೇಲೆ ಸ್ಟೋರೇಜ್, ಅದು ಎಚ್ಚರವಾದ ಮೇಲೆ ಡೇಟಾಬೇಸ್, ಕೊನೆಗೆ ಉಳಿದವು. ಆದರೆ ಇಲ್ಲೊಂದು ಸೂಕ್ಷ್ಮ ತೊಡಕಿದೆ. ನಾವು ಈಗಷ್ಟೇ ಹೊಗಳಿದ ಲ್ಯಾಚಿಂಗ್ ರಿಲೇ ಕರೆಂಟು ಹೋದಾಗಲೂ ಆನ್ ಸ್ಥಿತಿಯಲ್ಲೇ ನಿಂತಿರುತ್ತದಲ್ಲವೇ? ಪೂರೈಕೆ ಮರಳಿದಾಗ ಪಿಡಿಯುನ ಮಿದುಳು ಎಚ್ಚರವಾಗುವ ಮೊದಲೇ ಎಲ್ಲ ಸಾಕೆಟ್‌ಗಳಿಗೂ ಒಟ್ಟಿಗೆ ಕರೆಂಟು ಹರಿದುಬಿಡುತ್ತದೆ, ಸರದಿಯ ಏರ್ಪಾಡು ಪುಸ್ತಕದಲ್ಲೇ ಉಳಿಯುತ್ತದೆ. ಇದನ್ನು ಅರಿತ ತಯಾರಕರು, ಪೂರೈಕೆ ತಪ್ಪಿದೊಡನೆ ರಿಲೇಗಳು ತೆರೆದುಕೊಳ್ಳಬೇಕೋ ಹಾಗೇ ನಿಲ್ಲಬೇಕೋ ಎನ್ನುವ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿರುತ್ತಾರೆ. ಈ ಆಯ್ಕೆ ಇದೆಯೇ ಎಂದು ಕೇಳಿ, ಇದ್ದರೆ ತಮ್ಮ ರ‍್ಯಾಕ್‌ಗೆ ಯಾವುದು ಸರಿಯೆಂದು ಯೋಚಿಸಿ ಹೊಂದಿಸಬೇಕು.

ಸತ್ತಿದೆಯೋ, ಸುಮ್ಮನಿದೆಯೋ?

ದೂರದ ಸ್ವಿಚ್ಚಿನ ಅತ್ಯಂತ ಗಂಭೀರ ಬಳಕೆ ಇನ್ನೊಂದಿದೆ. ಬ್ಯಾಂಕಿನ ಖಾತೆಗಳಂಥ ಮಾಹಿತಿಯನ್ನು ಎರಡು ಸರ್ವರ್‌ಗಳ ಜೋಡಿ ಕಾಯುತ್ತಿದೆ ಎಂದುಕೊಳ್ಳಿ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಅದು ಬಿದ್ದರೆ ಎತ್ತಿಕೊಳ್ಳಲು ಸಿದ್ಧವಾಗಿರುತ್ತದೆ. ಇಬ್ಬರ ನಡುವೆ ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂಬ ಸಂದೇಶ ಹೋಗುತ್ತಿರುತ್ತದೆ. ಆ ಸಂದೇಶ ಇದ್ದಕ್ಕಿದ್ದಂತೆ ನಿಂತರೆ ಎರಡನೆಯದು ಏನು ತಿಳಿಯಬೇಕು? ಜೊತೆಗಾರ ಸತ್ತಿರಬಹುದು. ಅಥವಾ ನಡುವಿನ ಕೇಬಲ್ಲಷ್ಟೇ ಕಡಿದಿದ್ದು, ಆತ ಈಗಲೂ ಅದೇ ಡಿಸ್ಕಿಗೆ ಬರೆಯುತ್ತಿರಬಹುದು. ಎರಡನೆಯದೂ ಬರೆಯತೊಡಗಿದರೆ ಮಾಹಿತಿ ಚಿಂದಿಯಾಗುತ್ತದೆ.

ಸಂದೇಶಗಳನ್ನಷ್ಟೇ ನಂಬಿ ಈ ಗೊಂದಲವನ್ನು ಖಚಿತವಾಗಿ ಬಗೆಹರಿಸಲು ಬರುವುದಿಲ್ಲ. ಸಂದೇಶ ಎಷ್ಟು ತಡವಾಗಿಯಾದರೂ ಬರಬಹುದಾದ ಜಾಲದಲ್ಲಿ ಒಂದೇ ಒಂದು ಯಂತ್ರ ಕೆಟ್ಟರೂ ಸಾಕು, ಉಳಿದವು ಒಮ್ಮತಕ್ಕೆ ಬಂದೇ ತೀರುತ್ತವೆ ಎಂಬ ಖಾತರಿಯನ್ನು ಯಾವ ನಿಗದಿತ ವಿಧಾನವೂ ಕೊಡಲಾರದು ಎಂದು ಮೈಕೆಲ್ ಫಿಷರ್, ನ್ಯಾನ್ಸಿ ಲಿಂಚ್ ಮತ್ತು ಮೈಕೆಲ್ ಪ್ಯಾಟರ್‌ಸನ್ 1985ರಲ್ಲಿ ಗಣಿತದಿಂದಲೇ ತೋರಿಸಿದರು. ನಿಶ್ಶಬ್ದವನ್ನು ಕೇಳಿಸಿಕೊಂಡು ಸಾವನ್ನು ಖಚಿತಪಡಿಸಲಾಗುವುದಿಲ್ಲ. ಅದಕ್ಕೆ ಎಂಜಿನಿಯರ್‌ಗಳು ಕಂಡುಕೊಂಡ ದಾರಿ ನಿಷ್ಠುರವಾದದ್ದು: ಅನುಮಾನ ಬಂದ ಜೊತೆಗಾರನ ಕರೆಂಟನ್ನೇ ತೆಗೆದುಬಿಡುವುದು, ಆಮೇಲೆ ಅಧಿಕಾರ ವಹಿಸಿಕೊಳ್ಳುವುದು. ಫೆನ್ಸಿಂಗ್ ಎನ್ನುವ ಈ ಕ್ರಮವನ್ನು ಲಿನಕ್ಸ್‌ನ ಪೇಸ್‌ಮೇಕರ್‌ನಂಥ ಕ್ಲಸ್ಟರ್ ತಂತ್ರಾಂಶಗಳು ಸ್ವಿಚ್ಡ್ ಪಿಡಿಯುಗೆ ತಾವೇ ಆಜ್ಞೆ ಕೊಟ್ಟು ನಡೆಸುತ್ತವೆ. ಮನುಷ್ಯರ ಕೈ ನಡುವೆ ಬರುವುದೇ ಇಲ್ಲ.

ಇಲ್ಲಿ ಆಜ್ಞೆಗಳ ಕ್ರಮ ತಪ್ಪಿದರೆ ಎಲ್ಲವೂ ತಪ್ಪಿತು. ಸರ್ವರ್‌ಗೆ ಎ ಮತ್ತು ಬಿ ಎರಡು ಕಡೆಯಿಂದ ಕರೆಂಟಿದೆ. ಎ ಆಫ್, ಎ ಆನ್, ಬಿ ಆಫ್, ಬಿ ಆನ್ ಎಂದು ಮಾಡಿದರೆ ನಾಲ್ಕೂ ಆಜ್ಞೆಗಳು ಯಶಸ್ವಿ ಎಂದು ವರದಿ ಬರುತ್ತದೆ, ಸರ್ವರ್‌ ಮಾತ್ರ ಒಂದು ಕ್ಷಣವೂ ಆರಿರುವುದಿಲ್ಲ. ಸರಿಯಾದ ಕ್ರಮ ಎ ಆಫ್, ಬಿ ಆಫ್, ಎರಡೂ ಆರಿದ್ದು ಖಚಿತವಾದ ಮೇಲೆ ಎ ಆನ್, ಬಿ ಆನ್. ಖಚಿತವಾಗುವುದು ಹೇಗೆ? ರಿಲೇ ಬೆಸೆದುಕೊಂಡಿದ್ದರೆ ಆಫ್ ಎಂಬ ಉತ್ತರಕ್ಕೆ ಅರ್ಥವಿಲ್ಲ. ಪ್ರತಿ ಸಾಕೆಟ್ಟಿಗೂ ಮೀಟರ್ ಇದ್ದರೆ ಆಜ್ಞೆಯ ಹಿಂದೆಯೇ ಕರೆಂಟು ಸೊನ್ನೆಯಾಗಿದೆಯೇ ಎಂದು ನೋಡಬಹುದು. ಅಳತೆ ಮತ್ತು ಸ್ವಿಚ್ಚು ಎರಡೂ ಇರುವ ಐದನೇ ದರ್ಜೆಯ ಪಟ್ಟಿಗೆ ಹೆಚ್ಚು ಹಣ ಕೊಡಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ.

ಇನ್ನೊಂದು ಮರೆತುಹೋಗುವ ಸಂಗತಿ. ಪಿಡಿಯುನ ಮಿದುಳಿಗೂ ಕರೆಂಟು ಬೇಕು, ಅದು ಬರುವುದು ತನ್ನದೇ ಫೀಡಿನಿಂದ. ಎ ಫೀಡ್ ಹೋದರೆ ಎ ಪಟ್ಟಿಯ ಮಿದುಳೂ ಮೂಕವಾಗುತ್ತದೆ, ಅದರಿಂದ ‘ಆರಿದೆ’ ಎಂಬ ಉತ್ತರ ಬಾರದೆ ಫೆನ್ಸಿಂಗ್ ಅರ್ಧದಲ್ಲೇ ನಿಲ್ಲುತ್ತದೆ. ಎರಡು ಪಟ್ಟಿಗಳ ಮಿದುಳುಗಳನ್ನು ಒಂದು ಕೇಬಲ್‌ನಿಂದ ಬೆಸೆದು, ಒಂದರ ಫೀಡ್ ಹೋದಾಗ ಇನ್ನೊಂದು ಅದಕ್ಕೆ ಕರೆಂಟು ಕೊಡುವ ಏರ್ಪಾಡು ಕೆಲವು ಮಾದರಿಗಳಲ್ಲಿದೆ. ಕ್ಲಸ್ಟರ್ ನಡೆಸುವವರು ಅದನ್ನು ಹುಡುಕಿ ಕೊಳ್ಳಬೇಕು.

ಆಜ್ಞೆ ಹೋಗುವ ದಾರಿ

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಜಗತ್ತಿನಿಂದ ಮಾಯವಾಗಿದ್ದವು. ಮಾಮೂಲು ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಬೆನ್ನೆಲುಬು ಜಾಲವನ್ನೇ ಕಡಿಯಿತು ಎಂದು ಕಂಪನಿ ಮರುದಿನ ವಿವರಿಸಿತು. ಅದೇ ವಿವರಣೆಯ ಎರಡು ಅಂಶಗಳು ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತವೆ. ಮೊದಲನೆಯದು, ತುರ್ತಿಗೆಂದು ಇಟ್ಟುಕೊಂಡಿದ್ದ ಪ್ರತ್ಯೇಕ ಸಂಪರ್ಕವೂ ಆಗ ಕೆಲಸಕ್ಕೆ ಬರಲಿಲ್ಲ, ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗಳಿಗೆ ಹೋಗಬೇಕಾಯಿತು. ಎರಡನೆಯದು, ಸೇವೆಗಳನ್ನು ಒಂದೇ ಸಲಕ್ಕೆ ಮರಳಿ ಶುರುಮಾಡಲು ಅವರು ಹಿಂಜರಿದರು. ವಿದ್ಯುತ್ ಬಳಕೆ ಹತ್ತಾರು ಮೆಗಾವ್ಯಾಟ್‌ನಷ್ಟು ಇಳಿದಿತ್ತು, ಅದು ದಿಢೀರನೆ ಏರಿದರೆ ವಿದ್ಯುತ್ ವ್ಯವಸ್ಥೆಗೇ ಅಪಾಯವಿತ್ತು.

ಮೊದಲನೆಯ ಅಂಶದಿಂದ ಕಲಿಯಬೇಕಾದದ್ದು ಇದು: ಪಿಡಿಯುಗೆ ಆಜ್ಞೆ ಹೋಗುವ ದಾರಿ ಅದೇ ಪಿಡಿಯುನಿಂದ ಕರೆಂಟು ಪಡೆಯುವ ಸ್ವಿಚ್ಚಿನ ಮೂಲಕ ಹಾದುಹೋಗಬಾರದು. ಹಾಗಿದ್ದರೆ ಸ್ವಿಚ್ಚನ್ನು ಆಫ್ ಮಾಡಿದ ಮರುಕ್ಷಣ ಆನ್ ಮಾಡುವ ದಾರಿಯೇ ಇಲ್ಲವಾಗುತ್ತದೆ. ಆಡಳಿತಕ್ಕೆಂದೇ ಬೇರೆ ಜಾಲ ಬೇಕು. ಅದಕ್ಕೂ ಬೇರೆಯಾಗಿ ಸೀರಿಯಲ್ ಪೋರ್ಟ್ ಮೂಲಕ ಮೊಬೈಲ್ ಮೋಡೆಮ್ಮಿಗೆ ಜೋಡಿಸಿದ ಇನ್ನೊಂದು ದಾರಿ ಇದ್ದರೆ ಒಳ್ಳೆಯದು. ಸೀರಿಯಲ್ ಪೋರ್ಟ್ ಹಳೆಯ ತಂತ್ರಜ್ಞಾನ ಎಂದು ತಳ್ಳಿಹಾಕಬಾರದು, ನೆಟ್‌ವರ್ಕ್ ಸೆಟ್ಟಿಂಗ್ ತಪ್ಪಿಹೋದಾಗಲೂ ಅದು ಮಾತಾಡುತ್ತದೆ.

ದಾರಿ ಇದ್ದಮೇಲೆ ಕಳ್ಳರೂ ಬರಬಹುದು. ಸರ್ವರ್‌ಗೆ ಎಷ್ಟೇ ಬೀಗ ಹಾಕಿದರೂ ಅದರ ಕರೆಂಟು ತೆಗೆಯುವ ಅಧಿಕಾರ ಬೇರೆಯವರಿಗೆ ಸಿಕ್ಕರೆ ಆ ಬೀಗಗಳಿಗೆ ಬೆಲೆಯಿಲ್ಲ. ಪಿಡಿಯುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಿರ್ವಹಣಾ ಪ್ರೋಟೊಕಾಲ್ ಎಸ್‌ಎನ್‌ಎಂಪಿಯ ಮೊದಲೆರಡು ಆವೃತ್ತಿಗಳಲ್ಲಿ ಗುಟ್ಟಿನ ಪದ ಯಾವ ಮುಸುಕೂ ಇಲ್ಲದೆ ತಂತಿಯಲ್ಲಿ ಹರಿಯುತ್ತದೆ. ಕಾರ್ಖಾನೆಯಿಂದ ಬಂದ ‘ಪಬ್ಲಿಕ್’, ‘ಪ್ರೈವೇಟ್’ ಎಂಬ ಪದಗಳನ್ನು ಬದಲಿಸದೆಯೇ ಬಿಟ್ಟವರೂ ಇದ್ದಾರೆ. ಗುರುತು ಪರಿಶೀಲನೆ ಮತ್ತು ಗೂಢಲಿಪಿ ಇರುವ ಮೂರನೇ ಆವೃತ್ತಿ 2002ರಲ್ಲೇ ಪೂರ್ಣ ಮಾನಕವಾಗಿದೆ, ಈಗ ಅದಕ್ಕಿಂತ ಕಡಿಮೆಯದನ್ನು ಒಪ್ಪಿಕೊಳ್ಳಲು ಕಾರಣವಿಲ್ಲ. ಕಳ್ಳರು ಬರಬಹುದೆಂಬುದು ಬರೀ ಊಹೆಯ ಭಯವಲ್ಲ. 2022ರಲ್ಲಿ ಕ್ಲಾರೊಟಿ ಸಂಸ್ಥೆಯ ಸಂಶೋಧಕರು ಡೇಟಾಪ್ರೋಬ್ ಕಂಪನಿಯ ಐಬೂಟ್ ಪಿಡಿಯುನಲ್ಲಿ ದೂರದಿಂದಲೇ ಹಿಡಿತ ಸಾಧಿಸಬಲ್ಲ ದೋಷಗಳನ್ನು ಪತ್ತೆಹಚ್ಚಿದರು, ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟು ಸರಿಪಡಿಸಿತು. ಪಟ್ಟಿ ಹತ್ತು ವರ್ಷ ರ‍್ಯಾಕ್‌ನಲ್ಲಿ ಇರುವಂಥದ್ದು. ಅಷ್ಟೂ ಕಾಲ ಫರ್ಮ್‌ವೇರ್ ತಿದ್ದುಪಡಿ ಕೊಡುವ ತಯಾರಕರೇ, ಫರ್ಮ್‌ವೇರ್ ಬದಲಿಸುವಾಗ ಸಾಕೆಟ್‌ಗಳು ಆರದೆ ಉಳಿಯುತ್ತವೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು.

ಬಿಸಿ ಮತ್ತು ಎತ್ತರ

ಪಿಡಿಯು ನಿಲ್ಲುವುದು ರ‍್ಯಾಕ್‌ನ ಹಿಂಬದಿಯ ಬಿಸಿಗಾಳಿಯಲ್ಲಿ. ಮುಂದಿನಿಂದ 25 ಡಿಗ್ರಿಯಲ್ಲಿ ಒಳಹೋದ ಗಾಳಿ ಹಿಂದೆ 40 ದಾಟಿ ಹೊರಬರಬಹುದು. ಕೊಠಡಿಯ ಉಷ್ಣತೆ ನೋಡಿ ಪಟ್ಟಿ ಆರಿಸಿದರೆ ಸಾಲದು. 45 ಡಿಗ್ರಿವರೆಗಿನ ಪಟ್ಟಿಗಳೂ ಇವೆ, 60 ಡಿಗ್ರಿವರೆಗಿನವೂ ಇವೆ. ಶಾಖದಿಂದ ಬಾಗುವ ಲೋಹಪಟ್ಟಿಯ ಬ್ರೇಕರ್ ಬಿಸಿಯಲ್ಲಿ ಬೇಗ ಬೀಳುತ್ತದೆ, ಹೈಡ್ರಾಲಿಕ್-ಮ್ಯಾಗ್ನೆಟಿಕ್ ಬ್ರೇಕರ್‌ಗೆ ಆ ಚಂಚಲತೆ ಕಡಿಮೆ.

ಎತ್ತರದ ಪ್ರಶ್ನೆ ಕನ್ನಡನಾಡಿಗೂ ಸಂಬಂಧಿಸಿದ್ದು. ಲಡಾಖ್‌ನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಮೇಲೆ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಖಗೋಳ ವಿಜ್ಞಾನಿಗಳು ಅದನ್ನು ನಡೆಸುವುದು ಬೆಂಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಹೊಸಕೋಟೆಯ ಕ್ರೆಸ್ಟ್ ಆವರಣದಿಂದ, ಉಪಗ್ರಹ ಸಂಪರ್ಕದ ಮೂಲಕ. ಅಂಥ ಎತ್ತರದಲ್ಲಿ ಇಡುವ ಯಾವುದೇ ವಿದ್ಯುತ್ ಉಪಕರಣಕ್ಕೆ ಬಯಲಿನ ಲೆಕ್ಕ ನಡೆಯುವುದಿಲ್ಲ. ಗಾಳಿ ತೆಳುವಾದಷ್ಟೂ ಅದರ ನಿರೋಧಕ ಶಕ್ತಿ ಇಳಿದು ಕಿಡಿ ಸುಲಭವಾಗಿ ಹಾರುತ್ತದೆ. ಅಂತರರಾಷ್ಟ್ರೀಯ ಮಾನಕ 2,000 ಮೀಟರ್‌ವರೆಗೆ ವಾಹಕಗಳ ನಡುವೆ ಒಂದು ಅಂತರ ಸಾಕೆಂದರೆ, 4,000 ಮೀಟರ್‌ನಲ್ಲಿ ಅದರ 1.29 ಪಟ್ಟು, 5,000 ಮೀಟರ್‌ನಲ್ಲಿ 1.48 ಪಟ್ಟು ಕೇಳುತ್ತದೆ. ತೆಳು ಗಾಳಿ ಶಾಖವನ್ನೂ ಕಡಿಮೆ ಒಯ್ಯುತ್ತದೆ. ಕಾಸ್ಮಿಕ್ ಕಿರಣಗಳ ಕಣಗಳು ಅಲ್ಲಿ ಹಲವು ಪಟ್ಟು ಹೆಚ್ಚು, ಹಾಗಾಗಿ ಚಿಪ್‌ಗಳು ತಪ್ಪುವ ಸಂಭವವೂ ಹೆಚ್ಚು. ಹಲವು ಪಿಡಿಯುಗಳ ವಿವರಪಟ್ಟಿಯಲ್ಲಿ ಎತ್ತರದ ಮಿತಿ 3,000 ಮೀಟರ್ ಎಂದಿರುತ್ತದೆ. ದೂರದ ಸ್ವಿಚ್ಚು ಹೆಚ್ಚು ಅಗತ್ಯವಾಗುವ ಜಾಗವೇ ಅದನ್ನು ಹೆಚ್ಚು ದಣಿಸುವ ಜಾಗವೂ ಹೌದು.

ಕೊಳ್ಳುವ ಮುನ್ನ

ಇಷ್ಟನ್ನೂ ವಿವರಪಟ್ಟಿ ಓದಿಯೇ ತಿಳಿಯಲು ಬರುವುದಿಲ್ಲ. ಮಾರುವವರಿಂದ ಒಂದು ಮಾದರಿ ಪಟ್ಟಿಯನ್ನು ತರಿಸಿ, ಕೆಲಸಕ್ಕೆ ಬಾರದ ನಾಲ್ಕು ಹಳೆಯ ಸರ್ವರ್‌ಗಳನ್ನು ಅದಕ್ಕೆ ಚುಚ್ಚಿ ಪರೀಕ್ಷಿಸಬೇಕು. ಲೋಡ್ ಇರುವಾಗಲೇ ನಿಯಂತ್ರಕ ಬೋರ್ಡನ್ನು ಕಿತ್ತು, ಸರ್ವರ್‌ಗಳು ನಡೆಯುತ್ತಲೇ ಇವೆಯೇ ನೋಡಿ. ನೆಟ್‌ವರ್ಕ್ ಕೇಬಲ್ ತೆಗೆದು, ಇನ್ನೊಂದು ದಾರಿಯಿಂದ ಆಜ್ಞೆ ಹೋಗುತ್ತದೆಯೇ ನೋಡಿ. ಗೋಡೆಯ ಬ್ರೇಕರ್ ಇಳಿಸಿ ಮತ್ತೆ ಏರಿಸಿ, ಸಾಕೆಟ್‌ಗಳು ಸರದಿಯಲ್ಲಿ ಬರುತ್ತವೆಯೋ ಒಟ್ಟಿಗೆ ನುಗ್ಗುತ್ತವೆಯೋ ಕಿವಿಗೊಟ್ಟು ಕೇಳಿ. ರಿಲೇಯ ಟಿಕ್ ಸದ್ದು ಒಂದೊಂದಾಗಿ ಕೇಳಿಸಬೇಕು. ಒಂದು ಸಾಕೆಟ್ಟನ್ನು ಆಫ್ ಮಾಡಿ, ಅದರ ಮೀಟರ್ ಸೊನ್ನೆ ತೋರಿಸುತ್ತದೆಯೇ ನೋಡಿ.

ಐದನೆಯ ಪರೀಕ್ಷೆ ಪಟ್ಟಿಯದಲ್ಲ, ನಮ್ಮದು. ನಡುರಾತ್ರಿ ದೂರದಲ್ಲಿ ಕುಳಿತವರಿಗೆ 17ನೇ ಸಾಕೆಟ್ಟು ಯಾವ ಸರ್ವರ್‌ದು ಎಂದು ಗೊತ್ತಿರಬೇಕು. ಎ ಕೇಬಲ್ಲಿಗೆ ಒಂದು ಬಣ್ಣ, ಬಿ ಕೇಬಲ್ಲಿಗೆ ಇನ್ನೊಂದು, ಎರಡೂ ತುದಿಗೆ ಚೀಟಿ, ಪಿಡಿಯುನ ಪರದೆಯಲ್ಲೂ ಅದೇ ಹೆಸರು. ಯಾರು ಯಾವ ಸಾಕೆಟ್ಟು ಮುಟ್ಟಬಹುದು ಎಂಬ ಪಟ್ಟಿ, ಯಾರು ಯಾವಾಗ ಮುಟ್ಟಿದರು ಎಂಬ ದಾಖಲೆ. ಎಷ್ಟು ದುಬಾರಿ ಸ್ವಿಚ್ಚಾದರೂ ತಪ್ಪು ಸಾಕೆಟ್ಟಿಗೆ ಕೊಟ್ಟ ಆಜ್ಞೆಯನ್ನು ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ.

ಪಟ್ಟಿ ರ‍್ಯಾಕ್ ಏರಿ, ಅದರ ಮೇಲೆ ಯಾರದೋ ಬ್ಯಾಂಕಿನದೋ ಆಸ್ಪತ್ರೆಯದೋ ಕೆಲಸ ಶುರುವಾದ ಮೇಲೆ ಬೋರ್ಡು ಕಿತ್ತು ನೋಡುತ್ತೇನೆಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಕೆಟ್ಟ ಗಳಿಗೆಯನ್ನು ನಾವೇ ಕರೆದು ನೋಡುವ ಅವಕಾಶ ಸಿಗುವುದು ಒಮ್ಮೆ ಮಾತ್ರ, ಖರೀದಿಯ ಆದೇಶಕ್ಕೆ ಸಹಿ ಬೀಳುವ ಮೊದಲು.